ಹಳೇ ದೀಪಸ್ತಂಭದ ಗೋಡೆ ಹುಡಿಯಾಗ್ತಾ ಉಂಟು, ಎಂತ ಮಾಡುವುದು?

ಅಳಿವೆಬಾಗಿಲು:
ನಮ್ಮೂರ ಅಳಿವೆ ಪಕ್ಕ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಒಂದು ಹಳೇ ದೀಪಸ್ತಂಭ ಉಂಟು. ದೀಪ ಉರಿಯದೆ ಎಷ್ಟೋ ವರ್ಷ ಆಯ್ತು. ಆದರೂ ಮೀನಿಗೆ ಹೋದವರು ಹಗಲು ವಾಪಸ್ ಬರುವಾಗ ಈಗಲೂ ಅದನ್ನೇ ಗುರುತು ಹಿಡಿದು ದೋಣಿ ತಿರುಗಿಸುವುದು. ನನ್ನ ಅಪ್ಪನೂ ಹಾಗೇ ಮನೆ ಸೇರುತ್ತಿದ್ದವರು. ಹತ್ತು ವರ್ಷದ ಹಿಂದೆ ಅದಕ್ಕೆ ಹೊರಗೆಲ್ಲ ಸಿಮೆಂಟ್ ಸಾರಣೆ ಮಾಡಿ ಪ್ಲಾಸ್ಟಿಕ್ ಪೇಂಟ್ ಹೊಡೆಸಿದ್ರು. ಈಗ ಪೇಂಟ್ ಹಪ್ಪಳದ ಹಾಗೆ ಉಬ್ಬಿದೆ, ಸಿಮೆಂಟ್ ದೊಡ್ಡ ದೊಡ್ಡ ಚಕ್ಕೆಯಾಗಿ ಬೀಳ್ತಾ ಉಂಟು. ಬಿದ್ದ ಚಕ್ಕೆ ತಿರುಗಿಸಿದ್ರೆ ಬೆನ್ನಿಗೆ ಕಲ್ಲಿನದೇ ಕೆಂಪು ಹುಡಿ. ನಾಲಿಗೆಗೆ ಮುಟ್ಟಿಸಿದೆ, ಉಪ್ಪು! ಊರಿನ ಹುಡುಗರು ಹಣ ಒಟ್ಟು ಮಾಡಿದ್ದಾರೆ, ಪುನಃ ಸಿಮೆಂಟೇ ಅಂತಾರೆ. ನನಗೆ ಹೆದರಿಕೆ. ಗೊತ್ತಿದ್ದವರು ಹೇಳಿ.

ಗಾರೆಕೆಲಸ:
ದಯವಿಟ್ಟು ಸಿಮೆಂಟ್ ನಿಲ್ಲಿಸಿ ಮಾರಾಯ್ರೆ. ಮುರಕಲ್ಲು ನೀರು ಕುಡಿಯುವ ಕಲ್ಲು. ಮೇಲೆ ಸುಣ್ಣದ ಗಾರೆ ಇದ್ದರೆ ಕುಡಿದ ನೀರು ಬಿಸಿಲಿಗೆ ಆರಿ ಹೊರಗೆ ಹೋಗ್ತದೆ. ಸಿಮೆಂಟ್ ಅದಕ್ಕೆ ದಾರಿ ಕೊಡುವುದಿಲ್ಲ. ಉಪ್ಪು ಸಾರಣೆಯ ಹಿಂದೆಯೇ ಹರಳುಗಟ್ಟಿ ಕಲ್ಲನ್ನು ಒಳಗಿಂದ ಒಡೀತದೆ. ನಿಮ್ಮ ನಾಲಿಗೆಗೆ ಸಿಕ್ಕಿದ್ದು ಅದೇ.

ಕಡಲಿಗೆ ಸುಣ್ಣ ತಾಳುವುದಿಲ್ಲ ಅಂದರೆ ಹುಡುಗರಿಗೆ ಎಡಿಸ್ಟನ್ ಕಥೆ ಹೇಳಿ. ಇಂಗ್ಲೆಂಡಿನ ಪ್ಲಿಮತ್ ಎದುರು, ನಡುಗಡಲಿನ ಬಂಡೆ ಮೇಲೆ ಜಾನ್ ಸ್ಮೀಟನ್ 1759ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ದೀಪಸ್ತಂಭ. ಜೇಡಿ ಅಂಶ ಇರುವ ಸುಣ್ಣಕಲ್ಲು ಸುಟ್ಟರೆ ಆ ಸುಣ್ಣ ನೀರೊಳಗೂ ಗಟ್ಟಿಯಾಗ್ತದೆ ಅಂತ ಪರೀಕ್ಷೆ ಮಾಡಿ ಕಂಡುಕೊಂಡವರು ಅವರು. ನೂರು ವರ್ಷ ದಾಟಿದ ಮೇಲೆ ಸವೆದದ್ದು ಅಡಿಯ ಬಂಡೆ. ಗೋಪುರದ ಮೇಲ್ಭಾಗ ಬಿಚ್ಚಿ ಪ್ಲಿಮತ್‌ಗೆ ತಂದು ಕಟ್ಟಿದ್ರು, ಇವತ್ತಿಗೂ ನಿಂತಿದೆ.

ನಮ್ಮಲ್ಲಿ ಚಿಪ್ಪಿನ ಸುಣ್ಣ ಉಂಟಲ್ಲ. ಅರಳಿಸಿ ವಾರಗಟ್ಟಲೆ ನೆನೆಯಲು ಬಿಡಿ. ಹೊಳೆಯ ಹೊಯಿಗೆಯೇ (ಮರಳೇ) ಬೇಕು, ಕಡಲಿನದ್ದು ಬೇಡವೇ ಬೇಡ. ಅಳಲೆಕಾಯಿ, ಬೆಲ್ಲ ನೆನೆಸಿದ ನೀರಲ್ಲಿ ಕಲಸುವುದು ಹಳೇ ಕ್ರಮ. ಸಿಮೆಂಟ್ ಕೀಳಲು ಮೆಷಿನ್ ಹಚ್ಚಬೇಡಿ, ಸಣ್ಣ ಉಳಿ ಸಾಕು. ಗಟ್ಟಿ ಕಚ್ಚಿಕೊಂಡದ್ದನ್ನು ಎಬ್ಬಿಸಿದ್ರೆ ಕಲ್ಲಿನ ಮುಖವೇ ಕಿತ್ತು ಬರ್ತದೆ.

ಮೇಲ್ಮಾಳಿಗೆ:
ಮೇಲೆ ಲೆನ್ಸ್ ಇದ್ದರೆ ಹಗಲು ಪರದೆ ಹಾಕಿ. ದೀಪದ ಬೆಳಕನ್ನು ಹೊರಗೆ ಕಳಿಸುವ ಗಾಜೇ ಬಿಸಿಲನ್ನು ಒಳಗೆ ಒಂದೇ ಕಡೆ ಕೂಡಿಸ್ತದೆ, ಬೆಂಕಿ ಹೊತ್ತೀತು. ತಿರುಗುವ ಹಳೇ ಲೆನ್ಸ್ ಆದರೆ ಅಡಿಯ ತೊಟ್ಟಿಯಲ್ಲಿ ಪಾದರಸ ಇರಬಹುದು, ಮುಟ್ಟಬೇಡಿ. ಯಾರ ಸ್ವತ್ತು ಅಂತ ನೋಡಿ ಮೊದಲು ಲಿಖಿತ ಅನುಮತಿ ತೆಗೆದುಕೊಳ್ಳಿ. ಪಾರಂಪರಿಕ ದೀಪಸ್ತಂಭ ಅಂತ ಗುರುತಿಸಲು 2021ರ ಕೇಂದ್ರ ಕಾಯ್ದೆಯಲ್ಲಿ ಅವಕಾಶ ಉಂಟು.

ಅಳಿವೆಬಾಗಿಲು:
ಇವತ್ತು ಹತ್ತಿ ನೋಡಿ ಬಂದೆ. ಲೆನ್ಸ್ ಇಲ್ಲ, ಖಾಲಿ ಚೌಕಟ್ಟು ಮಾತ್ರ. ಮೆಟ್ಟಿಲ ಬದಿ ಒಳಗೋಡೆಯ ಹಳೇ ಸುಣ್ಣ ಮಾತ್ರ ಎಲ್ಲೂ ಬಿಟ್ಟಿಲ್ಲ! ಅದರ ಫೋಟೋವನ್ನೇ ಹುಡುಗರಿಗೆ ತೋರಿಸಿದೆ. ಅನುಮತಿ ಸಿಕ್ಕಿದರೆ ದೀಪಾವಳಿ ಕಳೆದು ಗಾಳಿ ಬೀಸದ ಬದಿಯಲ್ಲಿ ನಾಲ್ಕಡಿ ಮಾತ್ರ ಸುಣ್ಣದ ಗಾರೆ ಮಾಡಿ, ಒಂದು ಮಳೆಗಾಲ ನೋಡುವ ಅಂತ ಒಪ್ಪಿದ್ದಾರೆ. ಗಾರೆಕೆಲಸದವರೇ, ಹೊಸ ಗಾರೆ ಬೇಗ ಒಣಗದ ಹಾಗೆ ಒದ್ದೆ ಗೋಣಿ ಎಷ್ಟು ದಿನ ಹೊದಿಸಬೇಕು?