ಸ್ಪ್ರೇ ಹೊಡೆದ ಕೂಡಲೇ ಥರ್ಮಾಕೋಲ್ ಬೆಟ್ಟ ಕರಗಿತು, ತಳದ ರಟ್ಟೂ ಸೊಟ್ಟಗಾಗಿದೆ

ಪ್ರಶ್ನೆ:
1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಸಾವನದುರ್ಗ ಕೋಟೆಗೆ ಬ್ರಿಟಿಷರು ಹಾಕಿದ ಮುತ್ತಿಗೆಯನ್ನು ಮೇಜಿನ ಮೇಲೆ ಬೊಂಬೆ ಇಟ್ಟು ಆಡೋಣ ಅಂತ ಹೊರಟಿದ್ದೇನೆ. ಸೈನಿಕರ ಬೊಂಬೆಗಳು 28 ಮಿ.ಮೀ. ಅಳತೆಯವು. ಟಿವಿ ಡಬ್ಬದಲ್ಲಿ ಬಂದ ಥರ್ಮಾಕೋಲನ್ನು ಮೂರು ಪದರವಾಗಿ ಅಂಟಿಸಿ ಬೆಟ್ಟ ಮಾಡಿದೆ. ಕಪ್ಪು ಸ್ಪ್ರೇ ಪೇಂಟ್ ಹೊಡೆದ ಎರಡೇ ನಿಮಿಷಕ್ಕೆ ಇಲಿ ಕೆರೆದ ಹಾಗೆ ಗುಳಿ ಬಿತ್ತು. ತಳದ ರಟ್ಟಿಗೆ ಬಿಳಿ ಅಂಟು ಬಳಿದು ಮರಳು ಉದುರಿಸಿದ್ದೆ. ಬೆಳಗ್ಗೆ ನೋಡಿದರೆ ಹಪ್ಪಳದ ಹಾಗೆ ಅಂಚು ಎದ್ದಿದೆ. ಉಳಿಸಬಹುದಾ?

ಉತ್ತರ:
ಮೊದಲು ಒಂದು ವಿಷಯ ಹೇಳಿ. ಪದರಗಳನ್ನು ಯಾವುದರಿಂದ ಅಂಟಿಸಿದಿರಿ?

ಕೇಳಿದವರು:
ಚಪ್ಪಲಿಗೆ ಹಾಕುವ ಹಳದಿ ಅಂಟು. ಮನೆಯಲ್ಲಿ ಅದೇ ಇತ್ತು.

ಉತ್ತರ:
ಹಾಗಿದ್ದರೆ ಒಳಗೂ ತಿಂದಿರುತ್ತದೆ. ಸ್ಪ್ರೇಯಲ್ಲಿರುವ ಥಿನ್ನರ್ ಜಾತಿಯ ದ್ರವ ಥರ್ಮಾಕೋಲನ್ನು ಕರಗಿಸುತ್ತದೆ. ಆ ಹಳದಿ ಅಂಟಿನಲ್ಲೂ ಅದೇ ಇದೆ. ಬೆರಳಿನಿಂದ ಒತ್ತಿ ನೋಡಿ. ಟೊಳ್ಳು ಅನ್ನಿಸಿದ ಪದರ ಬಿಚ್ಚಿ, ಫೆವಿಕಾಲ್ ಹಾಕಿ ಮತ್ತೆ ಕೂರಿಸಿ. ನಡುವೆ ಗಾಳಿ ಆಡುವುದಿಲ್ಲ, ಒಂದು ದಿನವಾದರೂ ಒಣಗಲು ಬಿಡಿ. ಅಲ್ಲಿಯವರೆಗೆ ಟೂತ್‌ಪಿಕ್ ಚುಚ್ಚಿದರೆ ಜಾರುವುದಿಲ್ಲ.

ಗುಳಿಗಳನ್ನು ಹಾಗೇ ಬಿಡಿ ಅಂತ ಯಾರಾದರೂ ಹೇಳಬಹುದು, ಬಂಡೆ ಥರ ಕಾಣುತ್ತೆ ಅಂತ. ಮಂಗಳೂರು ಕಡೆಯ ತೂತು ತೂತಾದ ಮುರಕಲ್ಲಾದರೆ ಸರಿ. ಸಾವನದುರ್ಗ ನುಣುಪು ಬಂಡೆ ಅಲ್ವಾ? ಗೋಡೆ ಪುಟ್ಟಿಗೆ ಸ್ವಲ್ಪ ಫೆವಿಕಾಲ್ ಕಲಸಿ ತೆಳುವಾಗಿ ತುಂಬಿ. ದಪ್ಪ ಹಾಕಿದರೆ ಬಿರುಕು ಬಿಡುತ್ತದೆ. ಮೇಲೆ ಟಿಶ್ಯೂ ಕಾಗದ, ಸಮಪಾಲು ನೀರು-ಫೆವಿಕಾಲ್, ಎರಡು ಪದರ. ಆಮೇಲೆ ಗೋಡೆಗೆ ಬಳಿಯುವ ಎಮಲ್ಷನ್ ಅಥವಾ ಅಕ್ರಿಲಿಕ್, ಬ್ರಷ್‌ನಲ್ಲೇ. ಸ್ಪ್ರೇ ಮಾತ್ರ ಬೇಡ. ಕಾಗದದ ನಡುವೆ ಸೂಜಿಯಷ್ಟು ತೂತು ಉಳಿದರೂ ಒಳಗೆ ನುಗ್ಗುತ್ತದೆ.

ಬಣ್ಣ ಹಚ್ಚುವಾಗ ಸಾವನದುರ್ಗದ ಎರಡು ಗುಡ್ಡಗಳಾದ ಕರಿಗುಡ್ಡ, ಬಿಳಿಗುಡ್ಡ ಎರಡಕ್ಕೂ ಒಂದೇ ಬೂದಿ ಬಳಿಯಬೇಡಿ. ಮಳೆನೀರು ಇಳಿದ ಕಪ್ಪು ಗೆರೆಗಳನ್ನು ಮೇಲಿನಿಂದ ಕೆಳಕ್ಕೆ ನೀರುಬಣ್ಣದಲ್ಲಿ ಎಳೆಯಿರಿ. ಬೆಟ್ಟಕ್ಕೆ ಜೀವ ಬರುವುದೇ ಅಲ್ಲಿ.

ಇನ್ನೊಬ್ಬರು:
ರಟ್ಟಿನ ಬಗ್ಗೆ ನಾನು ಹೇಳುತ್ತೇನೆ, ಮೂರು ಸಲ ಅನುಭವಿಸಿದ್ದೇನೆ. ಒಂದೇ ಕಡೆ ಅಂಟು ಬಳಿದರೆ ಒಣಗುವಾಗ ಆ ಕಡೆ ಮಾತ್ರ ಕುಗ್ಗಿ ಎಳೆಯುತ್ತದೆ. ಹಿಂಬದಿಗೂ ಅಷ್ಟೇ ಅಂಟು ಬಳಿಯಿರಿ. ಅರೆ ಒಣಗಿದಾಗ ಎರಡೂ ಕಡೆ ಪ್ಲಾಸ್ಟಿಕ್ ಹಾಳೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ. ಸ್ವಲ್ಪ ಸರಿಹೋಗುತ್ತದೆ, ಪೂರ್ತಿ ಅಲ್ಲ. ಮುಂದಿನ ಸಲ ರಟ್ಟಿನ ತಂಟೆಗೇ ಹೋಗಬೇಡಿ. ಹಳೆಯ ಪರೀಕ್ಷೆ ಪ್ಯಾಡ್ ಕ್ಲಿಪ್ ಕಿತ್ತು ತಳಕ್ಕೆ ಹಾಕಿ.

ಕೇಳಿದವರು:
ಪದರ ಬಿಚ್ಚಿದೆ. ನೀವು ಹೇಳಿದ ಹಾಗೆ ಒಳಗೆ ಗುಹೆಯೇ ಆಗಿತ್ತು! ಈಗ ಪುಟ್ಟಿ ಒಣಗುತ್ತಿದೆ. ತಂಗಿಯ ಪರೀಕ್ಷೆ ಪ್ಯಾಡ್ ತಳಕ್ಕೆ ಸೇರಿತು, ಅವಳಿಗೆ ಇನ್ನೂ ಹೇಳಿಲ್ಲ. ಬುಡದ ಬಿದಿರ ಮೆಳೆಗೆ ಏನು ಮಾಡಲಿ?

ಉತ್ತರ:
ತೆಂಗಿನ ಪೊರಕೆಕಡ್ಡಿ. 28 ಮಿ.ಮೀ. ಬೊಂಬೆ ಅಂದರೆ ನಿಮ್ಮ ಅಳತೆ ಸುಮಾರು 60ಕ್ಕೆ 1, ಹಾಗಾಗಿ 10 ಮೀಟರ್ ಬಿದಿರಿಗೆ 16-17 ಸೆಂ.ಮೀ. ಕಡ್ಡಿ. ತುದಿಗೆ ಹಸಿರು ಸ್ಕ್ರಬ್ ಪ್ಯಾಡ್ ಹರಿದು ಸಿಕ್ಕಿಸಿ. ಬೊಂಬೆ ನಿಲ್ಲಿಸಲು ಬೆರಳು ಹೋಗುವಷ್ಟು ಸಂದು ಬಿಡಿ, ನಾನು ಅದನ್ನು ಮರೆತು ಇಡೀ ಮೆಳೆ ಕಿತ್ತಿದ್ದೆ.