ಕಿಲಾರಿ: ದನದ ಹೆಸರೋ, ದನ ಕಾಯುವವನ ಹೆಸರೋ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ಕೇಳಬೇಕಾಗಿದೆ.

ನಾನು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನವನು. ನಮ್ಮಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಕಿಲಾರಿ ಎಂದರೆ ನಮಗೆ ದನದ ತಳಿ: ಕಿಲಾರಿ ಹೋರಿ, ಕಿಲಾರಿ ಎತ್ತು, ಕಿಲಾರಿ ಆಕಳು. ಈ ಮಾತಿಗೆ ಬೇರೆ ಅರ್ಥ ಇದ್ದೀತು ಎಂದು ನನಗೆ ಹೊಳೆದೇ ಇರಲಿಲ್ಲ. ಮೊನ್ನೆ ಆಂಧ್ರದ ರಾಯದುರ್ಗದ ಕಡೆಯ ಗೆಳೆಯರೊಬ್ಬರಿಗೆ ಫೋನಿನಲ್ಲಿ, ಈ ವರ್ಷ ಒಂದು ಜೋಡಿ ಕಿಲಾರಿ ತಂದೆವು ಎಂದೆ. ಇಬ್ಬರಿಗೂ ಸಂಬಳ ಎಷ್ಟು ಗೊತ್ತುಮಾಡಿದಿರಿ ಎಂದು ಅವರು ಕೇಳಿದರು. ಅವರ ಸೀಮೆಗೆ ಹತ್ತಿರದ ಚಳ್ಳಕೆರೆಯ ಮ್ಯಾಸಬೇಡರ (ದನ ಸಾಕುವ ಬೇಡ ಸಮುದಾಯದವರ) ಹಟ್ಟಿಗಳಲ್ಲಿ ಕಿಲಾರಿ ಎಂದರೆ ದೇವರ ಎತ್ತುಗಳನ್ನು ಕಾಯುವವನು. ಆ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ಹಾಗಾಗಿ ನನ್ನ 'ಜೋಡಿ' ಅವರಿಗೆ ಇಬ್ಬರು ಮನುಷ್ಯರಾಗಿ ಕೇಳಿಸಿದೆ.

ಮರಾಠಿಯಲ್ಲಿ ಎರಡೂ ರೂಪಗಳಿವೆ. ಖಿಲ್ಲಾರ ಎಂದರೆ ದನದ ಹಿಂಡು, ಖಿಲ್ಲಾರಿ ಎಂದರೆ ಆ ಹಿಂಡನ್ನು ಮೇಯಿಸುವವನು. ಇನ್ನು ತೆಲುಗು ನಾಡಿನಲ್ಲಿ ಕಿಲಾರಿ ಎಂಬುದು ಮನೆತನದ ಹೆಸರೂ ಹೌದು. ಹೀಗಿರುವಾಗ ಈ ಮಾತು ಮೊದಲು ಮನುಷ್ಯನದಾಗಿತ್ತು, ಆಮೇಲೆ ಅವನು ಸಾಕಿದ ದನಕ್ಕೆ ಅಂಟಿಕೊಂಡಿತು ಎಂದು ನನಗೆ ಅನ್ನಿಸುತ್ತದೆ. ಹಾಗೆ ಅಂಟಿಕೊಂಡ ಇನ್ನೊಂದು ಹೆಸರು ನಮ್ಮ ಕಣ್ಣೆದುರಿಗೇ ಇದೆ: ಹಳ್ಳಿಕಾರ. ಅದು ಸಾಕುವ ಸಮುದಾಯದ ಹೆಸರು, ತಳಿಯ ಹೆಸರೂ ಅದೇ. ಬರಗೂರು, ಆಲಂಬಾಡಿ, ಕಾಂಗೇಯಂ ತಳಿಗಳಿಗೆ ಊರಿನ ಹೆಸರು ಬಂತು. ಅಮೃತಮಹಲ್‌ಗಂತೂ ಅರಮನೆಯ ಇಲಾಖೆಯ ಹೆಸರು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಬೆಣ್ಣೆಯ ಲೆಕ್ಕ ಇಡುತ್ತಿದ್ದ ಚಾವಡಿಯ ದನಗಳು ಹೆಸರು ಮಾಡಿದ್ದು ದಂಡಿನ ತೋಪು ಎಳೆದು.

ಸಾಕಿದವನ ಹೆಸರೇ ದನಕ್ಕೆ ಏಕೆ ನಿಲ್ಲುತ್ತದೆ? ನಮ್ಮ ಮುತ್ಯಾನ (ಅಜ್ಜನ) ಜೊತೆ ಸಾಂಗೋಲೆಯ ಭಾನುವಾರದ ಸಂತೆಗೆ ಹೋದದ್ದು ನೆನಪಾದರೆ ನನಗೆ ಉತ್ತರ ಸಿಕ್ಕಂತಾಗುತ್ತದೆ. ಅವರು ಮೊದಲು ಬೆಲೆ ಕೇಳುತ್ತಿರಲಿಲ್ಲ, ಬಾಯಿ ಬಿಡಿಸಿ ಹಲ್ಲನ್ನೂ ನೋಡುತ್ತಿರಲಿಲ್ಲ. ಯಾರ ಹಿಂಡಿನದು, ತಾಯಿ ಯಾವುದು ಎಂದು ಕೇಳುತ್ತಿದ್ದರು. ಉತ್ತರ ಮನಸ್ಸಿಗೆ ಬಂದರೆ ಮಾತ್ರ ಹೋರಿಯನ್ನು ಹದವಾದ ಮಣ್ಣಿನ ಮೇಲೆ ನಡೆಸಿ ಎನ್ನುತ್ತಿದ್ದರು. ಅದು ನಡೆದು ಹೋದ ಮೇಲೆ ಬಗ್ಗಿ ಹೆಜ್ಜೆ ನೋಡುವುದು. ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಬಿದ್ದಿರಬೇಕು, ಅದನ್ನು ದಾಟಿದ್ದರೆ ಇನ್ನೂ ಮೇಲು. ಹಿಂದೆ ಉಳಿದಿದ್ದರೆ ಮುಂದಿನ ಮಾತಿಲ್ಲ. ಗೊರಸು ಕಪ್ಪಗಿದ್ದು ಸೀಳು ಬಿಗಿಯಾಗಿರಬೇಕು, ಏಕೆಂದರೆ ನಮ್ಮದು ಕಲ್ಲುನೆಲ. ಹೊಕ್ಕುಳ ತೊಗಲು ಹೊಟ್ಟೆಗೆ ಅಂಟಿರಬೇಕು. ಜೋತಾಡುವ ತೊಗಲಿಗೆ ಜಾಲಿಯ ಮುಳ್ಳು ಗೀರುತ್ತದೆ. ಹಣೆಯ ನಡುವೆ ಸಣ್ಣ ತಗ್ಗು, ಹಿಂದಕ್ಕೆ ಬಾಗಿ ಮೇಲೇರಿದ ಕೋಡು, ಇವು ಕಿಲಾರಿಯ ಗುರುತುಗಳು. ಮೈಮೇಲಿನ ಕೂದಲ ಸುಳಿ ನೋಡಿ ಶುಭ ಅಶುಭ ಹೇಳುವುದು ಕೊನೆಗೆ. ನಾನು ಸುಳಿಯನ್ನು ನಂಬುವುದಿಲ್ಲ, ಮುತ್ಯಾ ನಂಬುತ್ತಿದ್ದರು.

ಇವುಗಳಲ್ಲಿ ಹಾಲಿನ ಮಾತು ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಕಿಲಾರಿ ಆಕಳು ಕೊಡುವ ಹಾಲೇ ಕಡಿಮೆ. ಗಂಡುಕರು ಹುಟ್ಟಿದರೆ ಅದನ್ನೂ ಕರುವಿಗೇ ಬಿಡುತ್ತಿದ್ದರು. ಮನೆಯ ಮಕ್ಕಳ ಪಾಲು ಕಿತ್ತು ಕರುವಿಗೆ ಬಿಟ್ಟ ಆ ಕೈ ಯಾರದೆಂದು ಕೊಳ್ಳುವವನಿಗೆ ತಿಳಿಯಬೇಕಲ್ಲವೇ? 'ಯಾರ ಹಿಂಡಿನದು' ಎಂಬ ಪ್ರಶ್ನೆಯಲ್ಲಿ ಇರುವುದು ಅದೇ. ಹೀಗೆ ಸಂತೆಯಲ್ಲಿ ಕಿಲಾರಿಯ ಹೋರಿ, ಕಿಲಾರಿಯ ಎತ್ತು ಎನ್ನುತ್ತಾ ಷಷ್ಠಿಯ ಪ್ರತ್ಯಯವಾದ ಕೊನೆಯ 'ಯ' ಸವೆದು ಕಿಲಾರಿ ಹೋರಿ ಉಳಿಯಿತೆಂಬುದು ನನ್ನ ಊಹೆ.

ಈಗ ಕೇಳಬೇಕಾದದ್ದು. ಚಳ್ಳಕೆರೆ, ಮೊಳಕಾಲ್ಮೂರು, ರಾಯದುರ್ಗದ ಕಡೆಯವರೇ, ನಿಮ್ಮಲ್ಲಿ ಕಿಲಾರಿ ಎಂಬುದು ಎಂದಾದರೂ ದನಕ್ಕೆ ಸಲ್ಲುತ್ತದೆಯೇ? ದೇವರ ಹಿಂಡಿಗೆ ಬೀಜದ ಹೋರಿಯನ್ನು ಆರಿಸುವವನು ಆ ಕಿಲಾರಿಯೇ, ಅಥವಾ ಹಟ್ಟಿಯ ಹಿರಿಯರೇ? ಆಟಪಾಡಿ, ಮಂಗಳವೇಢೆ, ಅಕ್ಕಲಕೋಟೆಯ ಕನ್ನಡಿಗರೇ, ನಿಮ್ಮ ಅಜ್ಜಂದಿರು ಈ ಮಾತನ್ನು ಮನುಷ್ಯನಿಗೆ ಬಳಸಿದ್ದನ್ನು ಕೇಳಿದ್ದೀರಾ? ಶಾಸನದಲ್ಲೋ ಹಳಗನ್ನಡದಲ್ಲೋ ಮಹಾಪ್ರಾಣವಿಲ್ಲದ 'ಕಿಲಾರಿ' ಕಂಡವರಿದ್ದರೆ ಆ ಸಾಲನ್ನು ದಯವಿಟ್ಟು ಪೂರ್ತಿಯಾಗಿ ಬರೆಯಿರಿ. ನಮ್ಮ ಊರಿನಲ್ಲಿ ಈಗ ದನ ಮೇಯಿಸುವವನಿಗೆ 'ದನ ಕಾಯುವವನು' ಎಂದಷ್ಟೇ ಹೇಳುತ್ತೇವೆ. ಅವನಿಗೆ ಇನ್ನೊಂದು ಹೆಸರು ಇತ್ತೇ ಎಂದು ಕೇಳಲು ಮುತ್ಯಾ ಈಗ ಇಲ್ಲ.