‘ಕಾಂಪೋಸಿಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ನಾನು ಧಾರವಾಡದಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಚಾರ್ಜ್ ಕೂಡಿಟ್ಟು ಬೇಗ ವಾಪಸ್ ಕೊಡುವ ಸೂಪರ್‌ಕೆಪಾಸಿಟರ್‌ನಲ್ಲೂ ರಕ್ತದ ಶುಗರ್ ನೋಡುವ ಪಟ್ಟಿಯಲ್ಲೂ (ಸ್ಟ್ರಿಪ್) ಇಂಗಾಲದ ಎಲೆಕ್ಟ್ರೋಡ್, ಅಂದರೆ ವಿದ್ಯುತ್ ಒಳಗೆ ಹೊರಗೆ ಹೋಗುವ ತುದಿ, ಹೇಗೆ ಕೆಲಸ ಮಾಡುತ್ತದೆ ಅಂತ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ‘ಕಾಂಪೋಸಿಟ್’ (ಎರಡು ಮೂರು ವಸ್ತು ತಮ್ಮ ಗುಣ ಬಿಡದೆ ಕೂಡಿ ಆದ ವಸ್ತು) ಅನ್ನುವ ಪದಕ್ಕೆ ಬಂದು ನಿಂತುಬಿಟ್ಟಿದ್ದೇನೆ.

ವಸ್ತು ಎಂಥದ್ದು ಅಂತ ಮೊದಲು ಹೇಳುತ್ತೇನೆ. ಸೂಪರ್‌ಕೆಪಾಸಿಟರ್‌ಗೆ ಹಾಕುವ ಸಕ್ರಿಯ ಇಂಗಾಲದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಆ ತೂತುಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಒಂದೇ ಗ್ರಾಂಗೆ 1000 ಚದರ ಮೀಟರ್‌ಗೂ ಜಾಸ್ತಿ ಆಗಬಹುದು. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಹೊಲ! ಚಾರ್ಜ್ ಕೂರುವುದು ಆ ಮೈಮೇಲೆ. ಇದರ ಜೊತೆ ಮ್ಯಾಂಗನೀಸ್ ಡೈಆಕ್ಸೈಡ್ ಸೇರಿಸಿದರೆ ಅದು ರಾಸಾಯನಿಕ ಕ್ರಿಯೆಯಿಂದ ಇನ್ನಷ್ಟು ಚಾರ್ಜ್ ಹಿಡಿಯುತ್ತದೆ. ಆದರೆ ಅದೊಂದೇ ಇದ್ದರೆ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಹರಿಯಲು ದಾರಿ ಇಂಗಾಲ ಕೊಡುತ್ತದೆ. ಶುಗರ್ ನೋಡುವ ಸೆನ್ಸರ್ ಕಡೆಯೂ ಹೀಗೇ. ಪ್ರಯೋಗಾಲಯದಲ್ಲಿ ಮಾಡುವಾಗ ಗ್ರಾಫೈಟ್ ಪುಡಿಗೆ ಪ್ಯಾರಾಫಿನ್ ಎಣ್ಣೆ ಹಾಕಿ, ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಸೇರಿಸಿ ಅರೆದು, ಕೊಳವೆಗೆ ತುಂಬುತ್ತಾರೆ. ಗ್ಲೂಕೋಸನ್ನು ಗುರುತಿಸುವುದು ಕಿಣ್ವ, ಸುದ್ದಿ ಮುಟ್ಟಿಸುವುದು ಇಂಗಾಲ.

ಈಗ ಪದಕ್ಕೆ ಬರೋಣ. ಕೆಲವರು ‘ಸಂಯುಕ್ತ’ ಅಂತ ಬರೆಯುತ್ತಾರೆ. ಇದು ಖಂಡಿತ ಬೇಡ. ನೀರು ಸಂಯುಕ್ತ. ಅದರಲ್ಲಿ ಹೈಡ್ರೋಜನ್, ಆಕ್ಸಿಜನ್ ಎರಡೂ ತಮ್ಮ ಗುಣ ಬಿಟ್ಟಿವೆ. ಇಲ್ಲಿ ಯಾವುದೂ ತನ್ನ ಗುಣ ಬಿಟ್ಟಿಲ್ಲ. ‘ಮಿಶ್ರಣ’ ಅಂದರೆ ಮಕ್ಕಳಿಗೆ ಕಬ್ಬಿಣದ ಪುಡಿ ಮತ್ತು ಮರಳು ನೆನಪಾಗುತ್ತದೆ, ಆಯಸ್ಕಾಂತ ಹಿಡಿದರೆ ಮುಗೀತು, ಬೇರೆಯಾಗುತ್ತವೆ. ‘ಕಲಬೆರಕೆ’ ಅಂದರೆ ಹಾಲಿಗೆ ನೀರು. ‘ಸಂಯೋಜಿತ’ ತಪ್ಪಲ್ಲ. ಆದರೆ ಪರೀಕ್ಷೆಯ ಗಡಿಬಿಡಿಯಲ್ಲಿ ಮಕ್ಕಳು ಅದನ್ನೇ ಸಂಯುಕ್ತ ಅಂತ ಓದಿಬಿಡುತ್ತಾರೆ.

ಹೋದ ತಿಂಗಳು ನವಲಗುಂದದ ಕಡೆ ನಮ್ಮ ಅಜ್ಜಿಯ ಮನೆಗೆ ಹೋಗಿದ್ದೆ. ಹಳೆಯ ಮಣ್ಣಿನ ಗೋಡೆ. ಮೇಲಿನ ಸಾರಣೆ ಒಂದು ಕಡೆ ಉದುರಿತ್ತು. ಒಳಗೆ ಗೋದಿ ಹೊಟ್ಟಿನ ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಉಗುರಿನಿಂದ ಒಂದನ್ನು ಎಬ್ಬಿಸಿದೆ. ಮುರಿಯದೆ ಇಡಿಯಾಗಿ ಬಂತು. ಅವ್ವ ಪಕ್ಕದಲ್ಲಿದ್ದಳು. “ಹೊಟ್ಟು ಹೊಟ್ಟಾಗೇ ಇರತೈತಿ, ಮಣ್ಣು ಮಣ್ಣಾಗೇ ಇರತೈತಿ. ಎರಡೂ ಕೂಡಿದ್ರ ಗ್ವಾಡಿ ಬಿರಿಯೂದಿಲ್ಲ” ಅಂದಳು. ನಾನು ಪಾಠದಲ್ಲಿ ಎರಡು ಪುಟ ಬರೆದು ಹೊಡೆದುಹಾಕಿದ್ದು ಇದನ್ನೇ. ಆ ‘ಕೂಡಿದ್ರ’ ಹಿಡಿದು ಈಗ ‘ಕೂಡುವಸ್ತು’ ಅಂತ ಬರೆದಿದ್ದೇನೆ. ‘ಇಂಗಾಲದ ಕೂಡುವಸ್ತು’ ಅಂದಾಗ ಬಾಯಿಗೂ ಹಗುರ, ಅಲ್ವಾ?

ಎಲೆಕ್ಟ್ರೋಡ್‌ಗೆ ‘ವಿದ್ಯುದ್ವಾರ’ವನ್ನೇ ಉಳಿಸಿಕೊಂಡಿದ್ದೇನೆ. ಫ್ಯಾರಡೆ 1834ರಲ್ಲಿ ಆ ಪದ ಬಳಕೆಗೆ ತಂದಾಗ ಅದರೊಳಗೆ ಗ್ರೀಕಿನ ‘ಹೊಡೋಸ್’ ಇತ್ತು, ಅಂದರೆ ದಾರಿ. ನಮ್ಮವರು ದಾರಿಯ ಬದಲು ಬಾಗಿಲು ಅಂದರು. ಚೆಂದ ಇದೆ. ಇಂಗಾಲದ ಬದಲು ನಮ್ಮ ಕಡೆಯ ‘ಇದ್ದಲಿ’ ಬರೆಯುವ ಆಸೆಯೂ ಇತ್ತು. ಆದರೆ ಗ್ರಾಫೈಟೂ ವಜ್ರವೂ ಇದ್ದಲಿ ಅಲ್ಲ, ಹಾಗಾಗಿ ಬಿಟ್ಟೆ.

‘ಕೂಡುವಸ್ತು’ವಿನ ಬಗ್ಗೆ ನನಗೆ ಒಂದೇ ಅಳುಕು. ‘ಕೂಡು’ ಅಂದ ಕೂಡಲೇ ಮಕ್ಕಳಿಗೆ ಲೆಕ್ಕದ ಕೂಡುವುದು, ಕಳೆಯುವುದು ನೆನಪಾಗಬಹುದಾ? ಇನ್ನೊಂದು ಮಾತು. ಹೊಟ್ಟು ಹಾಕಿ ತುಳಿದು ಹದ ಮಾಡಿದ ಮಣ್ಣಿಗೆ ನಿಮ್ಮ ಊರಲ್ಲಿ ಬೇರೆಯದೇ ಹೆಸರು ಇದೆಯಾ? ಗದಗ, ಹಾವೇರಿ ಕಡೆಯವರು ಮನೆಯ ಹಿರಿಯರನ್ನು, ಗೋಡೆ ಕಟ್ಟುವವರನ್ನು ದಯವಿಟ್ಟು ಕೇಳಿ ಬರೆಯಿರಿ. ಅಂಥ ಪದ ಸಿಕ್ಕರೆ ನನ್ನದನ್ನು ಅಳಿಸಿ ಅದನ್ನೇ ಹಾಕುತ್ತೇನೆ.